ಪಿಪ್‌ನ ಮೇಲೆ ನಮಗೇಕೆ ಸಿಟ್ಟು? ಬೆಳವಣಿಗೆಯ ಕಾದಂಬರಿಯನ್ನು ಓದುವ ಬಗೆ

ಚಾರ್ಲ್ಸ್ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಕಾದಂಬರಿಯನ್ನು ಮೊದಲ ಸಲ ಓದಿದವರು ಅದರ ನಾಯಕ ಪಿಪ್‌ನನ್ನು ಬೈಯದೆ ಬಿಡುವುದು ಕಡಿಮೆ. ತಂದೆ ತಾಯಿ ಇಲ್ಲದ ಹುಡುಗ. ಕಮ್ಮಾರನಾದ ಭಾವ ಜೋ ಅವನನ್ನು ಅಕ್ಕರೆಯಿಂದ ಸಾಕುತ್ತಾನೆ. ಎಲ್ಲಿಂದಲೋ ಹಣ ಒದಗಿ ಬಂದೊಡನೆ ಹುಡುಗ ಲಂಡನ್ನಿಗೆ ಹೊರಡುತ್ತಾನೆ. ಉಡುಪು ಬದಲಾಗುತ್ತದೆ, ಮಾತಿನ ಧಾಟಿ ಬದಲಾಗುತ್ತದೆ. ಕೊನೆಗೆ, ಸಾಕಿದ ಭಾವ ನೋಡಲು ಬರುತ್ತಾನೆಂದರೆ ಮುಖ ಸಿಂಡರಿಸುವ ಮಟ್ಟಕ್ಕೆ ಮುಟ್ಟುತ್ತಾನೆ.

ಈ ಕಾದಂಬರಿ ಪದವಿ ತರಗತಿಯ ಪಠ್ಯವಾಗಿ ಕೈಗೆ ಬಂದಾಗ ನನ್ನ ಅಕ್ಕನ ಮಗಳು ಕೇಳಿದಳು: "ಚಿಕ್ಕಮ್ಮ, ಇಂಥ ಕೃತಘ್ನನನ್ನು ನಾಯಕ ಎಂದು ಯಾಕೆ ಕರೆಯಬೇಕು? ಇವನ ಕಥೆ ನಮಗೆ ಯಾಕೆ ಬೇಕು?" ಪರೀಕ್ಷೆಗೆ ಓದುವವರಿಗೂ ಬರಿಯ ಆಸಕ್ತಿಯಿಂದ ಓದುವವರಿಗೂ ಎದುರಾಗುವ ಪ್ರಶ್ನೆಯಿದು. ಇದಕ್ಕೆ ಉತ್ತರ ಸಿಗಬೇಕಾದರೆ ಇಂಥ ಕಾದಂಬರಿಗಳ ಕಟ್ಟಡ ಹೇಗಿರುತ್ತದೆ ಎಂದು ತಿಳಿದಿರಬೇಕು. ಪಿಪ್‌ನ ಮೇಲಿನ ಸಿಟ್ಟನ್ನು ಓದುಗರು ತಾವಾಗಿ ಕಂಡುಕೊಂಡದ್ದಲ್ಲ. ಅದನ್ನು ನಮ್ಮ ಕೈಗೆ ಕೊಟ್ಟವನು ಪಿಪ್‌ನೇ.

ಬೆಳವಣಿಗೆಯ ಕಾದಂಬರಿ ಎಂದರೇನು?

ಒಬ್ಬ ಹುಡುಗ ಅಥವಾ ಹುಡುಗಿ ಬಾಲ್ಯದಿಂದ ಹೊರಟು ಪ್ರಾಪ್ತ ವಯಸ್ಸಿಗೆ ಬಂದು ಮುಟ್ಟುವ ದಾರಿಯನ್ನೇ ಕಥೆಯಾಗಿ ಹೇಳುವುದು ಬೆಳವಣಿಗೆಯ ಕಾದಂಬರಿ. ವಯಸ್ಸು ಏರಿದರಷ್ಟೇ ಸಾಲದು. ಹಳೆಯ ಅದ್ಭುತ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ, ರಾಕ್ಷಸನನ್ನು ಕೊಂದು, ರಾಜಕುಮಾರಿಯನ್ನು ಕರೆತರುತ್ತಾನೆ. ಹೊರಡುವಾಗ ಧೀರನಾಗಿದ್ದವನು ಮರಳುವಾಗಲೂ ಅದೇ ಧೀರ. ಬೆಳವಣಿಗೆಯ ಕಾದಂಬರಿಯಲ್ಲಿ ಹೊರಟವನೇ ಬೇರೆ, ಮುಟ್ಟಿದವನೇ ಬೇರೆ. ನಡುವೆ ಅವನು ತಪ್ಪು ಜನರನ್ನು ನಂಬಿರುತ್ತಾನೆ, ಸಲ್ಲದ್ದನ್ನು ಬಯಸಿರುತ್ತಾನೆ, ಯಾರನ್ನೋ ನೋಯಿಸಿರುತ್ತಾನೆ.

ಈ ಬಗೆಯ ಬರವಣಿಗೆಗೆ ಮಾದರಿ ಎಂದು ಸಾಮಾನ್ಯವಾಗಿ ಹೇಳುವುದು 1795-96ರಲ್ಲಿ ಪ್ರಕಟವಾದ ಗಯಟೆಯ ಜರ್ಮನ್ ಕಾದಂಬರಿಯನ್ನು. ಅದರ ನಾಯಕ ವಿಲ್ಹೆಲ್ಮ್ ಮೈಸ್ಟರ್ ವ್ಯಾಪಾರಿಯ ಮಗ; ಮನೆಯ ವ್ಯವಹಾರ ಬಿಟ್ಟು ನಾಟಕದ ಹುಚ್ಚು ಹತ್ತಿಸಿಕೊಂಡು ತಿರುಗುತ್ತಾನೆ. 1819ರಲ್ಲಿ ಕಾರ್ಲ್ ಮೋರ್ಗೆನ್‌ಸ್ಟರ್ನ್ ಎಂಬ ಪ್ರಾಧ್ಯಾಪಕ ತನ್ನ ಉಪನ್ಯಾಸದಲ್ಲಿ ಇಂಥ ಕೃತಿಗಳಿಗೆ 'ಬಿಲ್ಡುಂಗ್ಸ್‌ರೋಮಾನ್' ಎಂಬ ಹೆಸರನ್ನು ಬಳಸಿದ. ಅದು ವಿಮರ್ಶೆಯ ಮಾತಾಗಿ ಹರಡಿದ್ದು ಬಹಳ ತಡವಾಗಿ, ವಿಲ್ಹೆಲ್ಮ್ ಡಿಲ್ತೈ ಎಂಬ ಚಿಂತಕನಿಂದ. ಇಂಗ್ಲೆಂಡಿನಲ್ಲಿ ಈ ಬಗೆ ಗಟ್ಟಿಯಾದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ: ಶಾರ್ಲಟ್ ಬ್ರಾಂಟೆಯ 'ಜೇನ್ ಐರ್' 1847ರಲ್ಲಿ, ಡಿಕನ್ಸ್‌ನದೇ 'ಡೇವಿಡ್ ಕಾಪರ್‌ಫೀಲ್ಡ್' 1849-50ರಲ್ಲಿ, 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' 1860-61ರಲ್ಲಿ.

ಆ ಕಾಲದಲ್ಲೇ ಏಕೆ? ಕಮ್ಮಾರನ ಮನೆಯ ಹುಡುಗ ಕಮ್ಮಾರನಾಗುವುದು ಖಚಿತವಾಗಿದ್ದಾಗ "ನಾನು ಏನಾಗಲಿ?" ಎಂಬ ಪ್ರಶ್ನೆಗೆ ಕಥೆ ಹುಟ್ಟಿಸುವ ಶಕ್ತಿ ಇರಲಿಲ್ಲ. ಕಾರ್ಖಾನೆ, ರೈಲು, ಬೆಳೆಯುತ್ತಿದ್ದ ಪಟ್ಟಣ, ಶಾಲೆ ಇವೆಲ್ಲ ಬಂದು ಆ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳು ಸಾಧ್ಯವಾದವು. ಉತ್ತರಗಳು ಹೆಚ್ಚಿದಾಗ ತಪ್ಪು ಉತ್ತರವನ್ನು ಆರಿಸಿಕೊಳ್ಳುವ ಅವಕಾಶವೂ ಹೆಚ್ಚಿತು.

ಒಂದೇ 'ನಾನು', ಒಳಗೆ ಇಬ್ಬರು

ಈ ಕಾದಂಬರಿಯನ್ನು ಓದುವಾಗ ಕೈಬಿಡಬಾರದ ಎಳೆ ಇದು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ರಾತ್ರಿ ಊಟವಾದ ಮೇಲೆ ಅಜ್ಜ, ತಾನು ಹತ್ತು ವರ್ಷದವನಿದ್ದಾಗ ಅಟ್ಟದಿಂದ ಬೆಲ್ಲ ಕದ್ದು ತಿಂದು ಸಿಕ್ಕಿಬಿದ್ದ ಕಥೆ ಹೇಳುತ್ತಾರೆ ಎಂದುಕೊಳ್ಳಿ. ಕಥೆಯಲ್ಲಿರುವ ಹುಡುಗ ಹೆದರಿ ನಡುಗುತ್ತಿದ್ದಾನೆ. ಕಥೆ ಹೇಳುತ್ತಿರುವ ಅಜ್ಜ ನಗುತ್ತಿದ್ದಾರೆ. ಇಬ್ಬರೂ 'ನಾನು' ಎನ್ನುತ್ತಾರೆ. ಕೇಳುವವರಿಗೆ ರುಚಿ ಹತ್ತುವುದು ಈ ಇಬ್ಬರ ನಡುವಿನ ಅಂತರದಿಂದ. ಅಜ್ಜ ಆ ಹುಡುಗನೇ ಆಗಿ ಮಾತಾಡಿದರೆ ಕಥೆ ಅಳುವಾಗುತ್ತದೆ. ಹುಡುಗನನ್ನು ಪೂರ್ತಿ ಮರೆತು ಮಾತಾಡಿದರೆ ಬರಿಯ ಉಪದೇಶವಾಗುತ್ತದೆ.

ಪಿಪ್‌ನ ಕಥೆಯನ್ನು ಹೇಳುವವನು ನಡುವಯಸ್ಸಿನ ಪಿಪ್. ಕಥೆಯೊಳಗೆ ಓಡಾಡುವವನು ಸಣ್ಣ ಪಿಪ್. ಮೊದಲ ಪುಟದಲ್ಲಿ ಹುಡುಗ ಊರ ಸ್ಮಶಾನದಲ್ಲಿ ನಿಂತು, ತಾನು ಎಂದೂ ನೋಡದ ತಂದೆ ತಾಯಿಯ ಸಮಾಧಿ ಕಲ್ಲುಗಳನ್ನು ನೋಡುತ್ತಾನೆ. ಕಲ್ಲಿನ ಮೇಲಿನ ಅಕ್ಷರಗಳ ಆಕಾರ ನೋಡಿ, ಅಪ್ಪ ಚೌಕಟ್ಟಾದ ಮೈಯ, ಗುಂಗುರು ಕಪ್ಪು ಕೂದಲಿನ ಮನುಷ್ಯನಾಗಿದ್ದಿರಬೇಕು ಎಂದು ಊಹಿಸುತ್ತಾನೆ. ಹುಡುಗನಿಗೆ ಅದು ನಂಬಿಕೆ. ಹೇಳುವವನಿಗೆ ಅದು ಎಳೆಯ ಮನಸ್ಸಿನ ತೀರ್ಮಾನ ಎಂದು ಗೊತ್ತು, ಹಾಗೆಂದು ಹೇಳಿಯೂ ಹೇಳುತ್ತಾನೆ. ಆದರೆ ನಗೆಯಾಡಿ ತಳ್ಳಿಹಾಕುವುದಿಲ್ಲ. ಅನಾಥ ಮಗು ತನಗೆ ಸಿಕ್ಕ ಏಕೈಕ ಸುಳಿವಿನಿಂದ ಅಪ್ಪನನ್ನು ಕಟ್ಟಿಕೊಳ್ಳುತ್ತಿದೆ ಎಂಬುದನ್ನು ನಮಗೆ ಬಿಡುತ್ತಾನೆ.

ಹೀಗಾಗಿ ಪುಟಪುಟದಲ್ಲೂ ಮೂರು ತಿಳಿವುಗಳು ಜೊತೆಯಾಗಿ ನಡೆಯುತ್ತವೆ: ಆಗ ಹುಡುಗನಿಗೆ ತಿಳಿದದ್ದು, ಈಗ ಹೇಳುವವನಿಗೆ ತಿಳಿದಿರುವುದು, ಓದುತ್ತಿರುವ ನಮಗೆ ಇಷ್ಟು ಹೊತ್ತಿಗೆ ತಿಳಿದದ್ದು. ಇಲ್ಲಿ ಡಿಕನ್ಸ್ ಮಾಡಿರುವ ಒಂದು ಏರ್ಪಾಡು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತನಗೆ ಹಣ ಕೊಟ್ಟವರು ಯಾರು ಎಂಬುದು ಹೇಳುವ ಪಿಪ್‌ಗೆ ಮೊದಲ ಸಾಲಿನಿಂದಲೇ ಗೊತ್ತು. ಆ ಗುಟ್ಟನ್ನು ಅವನು ಕಾದಂಬರಿಯ ಮೂರರಲ್ಲಿ ಎರಡು ಪಾಲು ಮುಗಿಯುವವರೆಗೆ ಬಿಟ್ಟುಕೊಡುವುದಿಲ್ಲ. ತನ್ನ ಮನಸ್ಸಿನ ಸಣ್ಣತನವನ್ನು ಮಾತ್ರ ಒಂದು ಗಳಿಗೆಯೂ ಮುಚ್ಚಿಡುವುದಿಲ್ಲ. ಘಟನೆಗಳ ವಿಷಯದಲ್ಲಿ ನಮಗೂ ಹುಡುಗನಷ್ಟೇ ಗೊತ್ತು. ಹುಡುಗನ ಒಳಮನಸ್ಸಿನ ವಿಷಯದಲ್ಲಿ ಅವನಿಗಿಂತ ಹೆಚ್ಚು ಗೊತ್ತು. ಸಿಟ್ಟು ಬರುವುದು ಈ ಹೆಚ್ಚಿನ ತಿಳಿವಿನಿಂದ.

ಆರ್. ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935) ಜೊತೆ ಹೋಲಿಸಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮಾಲ್ಗುಡಿಯ ಸ್ವಾಮಿಯೂ ಸುಳ್ಳು ಹೇಳುತ್ತಾನೆ, ಶಾಲೆ ತಪ್ಪಿಸುತ್ತಾನೆ, ಗೆಳೆಯನಿಗೆ ಕೊಟ್ಟ ಮಾತಿಗೆ ತಪ್ಪುತ್ತಾನೆ. ಅವನ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಅಲ್ಲಿ ಕಥೆ ಹೇಳುವವರು ಸ್ವಾಮಿಯಲ್ಲ, ಹೊರಗೆ ನಿಂತ ಒಬ್ಬ ಹಿರಿಯ. ಸ್ವಾಮಿ ತನ್ನನ್ನು ತಾನು ವಿಚಾರಣೆಗೆ ನಿಲ್ಲಿಸಿಕೊಳ್ಳುವ ವಯಸ್ಸನ್ನು ಇನ್ನೂ ಮುಟ್ಟಿಲ್ಲ, ಹಾಗಾಗಿ ನಾವೂ ನಿಲ್ಲಿಸುವುದಿಲ್ಲ.

ಕೈ ಒರಟು, ಬೂಟು ದಪ್ಪ

ಕಾದಂಬರಿಯ ಆರಂಭದಲ್ಲಿ, ಕ್ರಿಸ್‌ಮಸ್ ಹಿಂದಿನ ದಿನ, ತಪ್ಪಿಸಿಕೊಂಡ ಕೈದಿಯೊಬ್ಬ ಸ್ಮಶಾನದಲ್ಲಿ ಪಿಪ್‌ನನ್ನು ಹಿಡಿದು ಹೆದರಿಸಿ, ತಿನ್ನಲು ಏನಾದರೂ ತರಬೇಕು, ಬೇಡಿ ಕತ್ತರಿಸಲು ಅರ ತರಬೇಕು ಎನ್ನುತ್ತಾನೆ. ಪಿಪ್ ಮನೆಯಿಂದ ಕದ್ದು ತಂದುಕೊಡುತ್ತಾನೆ. ಇದರಿಂದ ಹುಟ್ಟುವುದು ಅಪರಾಧದ ಭಾವ: ನಾನು ಒಂದು ತಪ್ಪು ಮಾಡಿದೆ ಎಂಬ ಅಳುಕು.

ಮುಂದೆ ಹುಡುಗನನ್ನು ಸ್ಯಾಟಿಸ್ ಹೌಸ್ ಎಂಬ ದೊಡ್ಡ ಮನೆಗೆ ಆಟವಾಡಲು ಕರೆಸುತ್ತಾರೆ. ಅಲ್ಲಿ ಮಿಸ್ ಹ್ಯಾವಿಶಮ್ ಎಂಬ ಶ್ರೀಮಂತ ಹೆಂಗಸು, ಮದುವೆಯ ದಿನವೇ ವರ ಕೈಕೊಟ್ಟಿದ್ದರಿಂದ ಗಡಿಯಾರಗಳನ್ನು ನಿಲ್ಲಿಸಿ, ಅದೇ ಮದುವೆಯ ಉಡುಪಿನಲ್ಲಿ ವರ್ಷಗಟ್ಟಲೆ ಕುಳಿತಿದ್ದಾಳೆ. ಅವಳು ಸಾಕಿದ ಹುಡುಗಿ ಎಸ್ಟೆಲಾ ಪಿಪ್‌ನೊಡನೆ ಇಸ್ಪೀಟು ಆಡುತ್ತಾಳೆ. ಆಟದ ನಡುವೆ, ಈ ಹುಡುಗ ಗುಲಾಮನ ಎಲೆಯನ್ನು ದೊಡ್ಡ ಮನೆಯವರಂತೆ 'ನೇವ್' ಎನ್ನದೆ 'ಜ್ಯಾಕ್' ಎನ್ನುತ್ತಾನೆ, ಇವನ ಕೈ ಎಷ್ಟು ಒರಟು, ಬೂಟು ಎಷ್ಟು ದಪ್ಪ ಎಂದು ಹೀಗಳೆಯುತ್ತಾಳೆ.

ಅದುವರೆಗೆ ಪಿಪ್ ತನ್ನ ಕೈಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಇಲ್ಲಿ ಹುಟ್ಟುವುದು ನಾಚಿಕೆ, ಮತ್ತು ಅದು ಅಪರಾಧದ ಭಾವಕ್ಕಿಂತ ಬೇರೆಯೇ ಆದದ್ದು. ಅಪರಾಧದ ಭಾವ ಮಾಡಿದ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕ್ಷಮೆ ಕೇಳಬಹುದು, ತಿದ್ದಿಕೊಳ್ಳಬಹುದು. ನಾಚಿಕೆ ಇರುವಿಕೆಗೇ ಅಂಟಿಕೊಳ್ಳುತ್ತದೆ. ಒರಟು ಕೈಗೆ ಯಾರ ಕ್ಷಮೆ ಕೇಳುವುದು? ಆ ಕೈ ಒರಟಾದದ್ದು ಮನೆಯಿಂದ, ಕುಲುಮೆಯಿಂದ, ಜೋನಿಂದ. ಹಾಗಾಗಿ ನಾಚಿಕೆ ಬೂಟಿನಿಂದ ಆರಂಭವಾಗಿ ಮನೆಯವರೆಗೆ ಹರಡುತ್ತದೆ. ಜೋ ತನಗೆ 'ಜ್ಯಾಕ್' ಎನ್ನಲು ಕಲಿಸಿದ್ದೇಕೆ, ಅವನೇ ಇನ್ನಷ್ಟು ನಯವಾಗಿ ಬೆಳೆದಿದ್ದರೆ ತಾನೂ ಹಾಗೆ ಬೆಳೆಯುತ್ತಿದ್ದೆನಲ್ಲ ಎಂದು ಹುಡುಗನಿಗೆ ಅನ್ನಿಸುತ್ತದೆ. ಹದಿಹರೆಯದಲ್ಲಿ ಪೇಟೆಯ ಕಾಲೇಜಿಗೆ ಹೋಗಿ ತನ್ನ ಮಾತಿನ ರೀತಿಗೆ, ತನ್ನ ಡಬ್ಬಿಯ ಊಟಕ್ಕೆ ನಾಚಿದವರು ಕರ್ನಾಟಕದಲ್ಲಿ ಕಡಿಮೆಯಿಲ್ಲ. ಈ ಅಧ್ಯಾಯ ಅವರನ್ನು ನೇರವಾಗಿ ಮುಟ್ಟುತ್ತದೆ.

ಆ ದಿನ ಮನೆಗೆ ಬಂದು ಪಿಪ್ ದೊಡ್ಡ ದೊಡ್ಡ ಸುಳ್ಳು ಹೇಳುತ್ತಾನೆ: ಮಿಸ್ ಹ್ಯಾವಿಶಮ್ ಕಪ್ಪು ಮಖಮಲ್ಲಿನ ಸಾರೋಟಿನಲ್ಲಿ ಕುಳಿತಿದ್ದಳು, ನಾಲ್ಕು ದೊಡ್ಡ ನಾಯಿಗಳು ಬೆಳ್ಳಿಯ ಬುಟ್ಟಿಯಿಂದ ಮಾಂಸ ತಿನ್ನುತ್ತಿದ್ದವು. ಮನೆಯವರ ಕುತೂಹಲ ತಣಿಯುತ್ತದೆ. ಆಮೇಲೆ ಜೋನ ಬಳಿ ಮಾತ್ರ ನಿಜ ಒಪ್ಪಿಕೊಳ್ಳುತ್ತಾನೆ. ಸುಳ್ಳು ಹೇಗೆ ಬಂದರೂ ಸುಳ್ಳೇ, ಇನ್ನು ಹೇಳಬೇಡ ಎಂದು ಜೋ ಮೆತ್ತಗೆ ಬುದ್ಧಿ ಹೇಳುತ್ತಾನೆ. ಓದು ಬರಹ ಸರಿಯಾಗಿ ಬಾರದ ಈ ಮನುಷ್ಯನೇ ಇಡೀ ಕಾದಂಬರಿಯ ಅಳತೆಗೋಲು. ಪಿಪ್ ಅವನಿಂದ ಎಷ್ಟು ದೂರ ಹೋಗುತ್ತಾನೆ ಎಂಬುದರ ಮೇಲೆ ನಾವು ಪಿಪ್‌ನನ್ನು ಅಳೆಯುತ್ತಾ ಹೋಗುತ್ತೇವೆ.

ಆ ಕಾಲದ 'ಜಂಟಲ್‌ಮನ್'

ಇಲ್ಲಿ ಕೊಂಚ ಹಿನ್ನೆಲೆ ಬೇಕು. ಕಸುಬು ಕಲಿಯುವ ಹುಡುಗನನ್ನು ಆಗಿನ ಇಂಗ್ಲೆಂಡಿನಲ್ಲಿ ಕರಾರು ಬರೆಸಿ ಯಜಮಾನನ ಕೈಕೆಳಗೆ ಇರಿಸುತ್ತಿದ್ದರು. ಪಿಪ್‌ನನ್ನು ಜೋನ ಬಳಿ ಹೀಗೆ ಸೇರಿಸುವಾಗ ಮಿಸ್ ಹ್ಯಾವಿಶಮ್ 25 ಗಿನಿ ಕೊಡುತ್ತಾಳೆ. ಹುಡುಗ ಕಮ್ಮಾರನಾಗುವುದು ಇನ್ನು ಖಚಿತ ಎಂದುಕೊಳ್ಳುವಾಗ ಜ್ಯಾಗರ್ಸ್ ಎಂಬ ಲಂಡನ್ ವಕೀಲ ಬಂದು, ಪಿಪ್‌ಗೆ ದೊಡ್ಡ ಆಸ್ತಿ ಬರಲಿದೆ, ಅವನನ್ನು ಜಂಟಲ್‌ಮನ್ ಆಗಿ ಬೆಳೆಸಬೇಕಾಗಿದೆ ಎನ್ನುತ್ತಾನೆ. ಪಿಪ್ ಎಂಬ ಹೆಸರನ್ನು ಬಿಡಬಾರದು. ಕೊಡುವವರು ಯಾರೆಂದು ಅವರಾಗಿ ಹೇಳುವವರೆಗೆ ಕೇಳಬಾರದು. ಇವು ಷರತ್ತುಗಳು. ಕೊಡುತ್ತಿರುವವಳು ಮಿಸ್ ಹ್ಯಾವಿಶಮ್, ಅದೂ ಎಸ್ಟೆಲಾಳನ್ನು ತನಗೆ ಕೊಡುವ ಉದ್ದೇಶದಿಂದ ಎಂದು ಪಿಪ್ ನಂಬಿಬಿಡುತ್ತಾನೆ.

ಜಂಟಲ್‌ಮನ್ ಎಂದರೆ ಕೈಯಿಂದ ದುಡಿಯದವನು. ಉಡುಪು, ಮಾತು, ಊಟದ ರೀತಿ ಎಲ್ಲವೂ ಆ ದುಡಿಯದ ಬದುಕಿನ ಗುರುತುಗಳು. ಕುಲುಮೆಯ ಪಕ್ಕದಲ್ಲಿ ಕುಳಿತು ಜಂಟಲ್‌ಮನ್ ಆಗುವ ದಾರಿ ಆ ಸಮಾಜದಲ್ಲಿ ಇರಲೇ ಇಲ್ಲ. ಪಿಪ್ ಜೋನನ್ನು ಬಿಟ್ಟುಹೋಗುವುದರಲ್ಲಿ ಅವನ ಸ್ವಭಾವದ ಪಾಲು ಎಷ್ಟೋ ಆ ಏಣಿಯ ರಚನೆಯ ಪಾಲೂ ಅಷ್ಟೇ. ಸ್ವಭಾವದ ಪಾಲನ್ನು ಹೇಳುವ ಪಿಪ್ ಎಲ್ಲೂ ತಗ್ಗಿಸಿ ತೋರಿಸುವುದಿಲ್ಲ.

ಜೋ ಲಂಡನ್ನಿಗೆ ಬಂದ ದಿನ

ಓದುಗರ ಸಿಟ್ಟು ನೆತ್ತಿಗೇರುವುದು 27ನೆಯ ಅಧ್ಯಾಯದಲ್ಲಿ. ಜೋ ಬರುತ್ತಾನೆಂದು ಊರಿನಿಂದ ಕಾಗದ ಬರುತ್ತದೆ. ಹಣ ಕೊಟ್ಟು ಅವನ ಬರವನ್ನು ತಪ್ಪಿಸಬಹುದಾಗಿದ್ದರೆ ಖಂಡಿತ ಕೊಟ್ಟುಬಿಡುತ್ತಿದ್ದೆ ಎಂದು ಪಿಪ್ ಬರೆಯುತ್ತಾನೆ. ಈ ವಾಕ್ಯವನ್ನು ಓದಿ ಪುಸ್ತಕ ಮುಚ್ಚಿಟ್ಟವರಿದ್ದಾರೆ.

ಆದರೆ ಅದನ್ನು ನಮಗೆ ಹೇಳಿದವರು ಯಾರು? ಜೋಗೆ ಅದು ತಿಳಿಯದು, ಜೊತೆಯಲ್ಲಿದ್ದ ಗೆಳೆಯ ಹರ್ಬರ್ಟ್‌ಗೂ ತಿಳಿಯದು. ಯಾರ ಕಣ್ಣಿಗೂ ಬೀಳದೆ ಸತ್ತುಹೋಗಬಹುದಾಗಿದ್ದ ಆಲೋಚನೆಯೊಂದನ್ನು ಹಿರಿಯ ಪಿಪ್ ತಾನಾಗಿ ಹೊರಗೆ ತಂದು ಇಟ್ಟಿದ್ದಾನೆ. ಅವನನ್ನು ಕೃತಘ್ನ ಎನ್ನಲು ನಮಗೆ ಬೇಕಾದ ಸಾಕ್ಷ್ಯವನ್ನೆಲ್ಲ ಒದಗಿಸುವವನು ಆರೋಪಿಯೇ.

ಇನ್ನು ಆ ಭೇಟಿ. ಜೋಗೆ ಒಗ್ಗದ ಒಳ್ಳೆಯ ಬಟ್ಟೆ. ಟೊಪ್ಪಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆಂಕಿಗೂಡಿನ ಮೇಲಿನ ಹಲಗೆಯ ಮೂಲೆಗೆ ಇಡುತ್ತಾನೆ. ಅದು ಮತ್ತೆ ಮತ್ತೆ ಬೀಳುತ್ತದೆ, ಇವನು ಹಾರಿ ಹಾರಿ ಹಿಡಿಯುತ್ತಾನೆ. ತಾನು ಎತ್ತಿ ಆಡಿಸಿದ ಹುಡುಗನನ್ನು 'ಸರ್' ಎನ್ನುತ್ತಾನೆ. ಪಿಪ್‌ಗೆ ಸಿಡಿಮಿಡಿ. ಅಲ್ಲಿ ಕುಳಿತವನು ಸಹಜವಾಗಿರಲು ಆಗದಿದ್ದುದಕ್ಕೆ ಕಾರಣ ತಾನೇ, ತಾನು ಸಹಜವಾಗಿದ್ದಿದ್ದರೆ ಜೋನೂ ಇರುತ್ತಿದ್ದ ಎಂದು ಹೇಳುವ ಪಿಪ್ ಒಪ್ಪಿಕೊಳ್ಳುತ್ತಾನೆ. ಆಗಿನ ಪಿಪ್‌ಗೆ ಅದು ಹೊಳೆಯುವುದಿಲ್ಲ.

ಹೊರಡುವ ಮುನ್ನ ಜೋ ಹೇಳುವ ಮಾತುಗಳು ಇಂಗ್ಲಿಷ್ ಕಾದಂಬರಿಯ ಅತ್ಯಂತ ಘನವಾದ ಮಾತುಗಳಲ್ಲಿ ಸೇರುತ್ತವೆ ಎಂಬುದು ನನ್ನ ಎಣಿಕೆ. ಬದುಕೆಂದರೆ ಎಷ್ಟೋ ಅಗಲಿಕೆಗಳನ್ನು ಬೆಸೆದು ಮಾಡಿದ್ದು. ಒಬ್ಬ ಕಬ್ಬಿಣದ ಕೆಲಸದವನು, ಒಬ್ಬ ಚಿನ್ನದ ಕೆಲಸದವನು, ಒಬ್ಬ ತಾಮ್ರದ ಕೆಲಸದವನು. ಇಂಥ ಭೇದಗಳು ಬಂದೇ ಬರುತ್ತವೆ, ಬಂದಾಗ ಎದುರಿಸಬೇಕು. ಈ ಬಟ್ಟೆಯಲ್ಲಿ ನಾನು ಸರಿ ಕಾಣುವುದಿಲ್ಲ, ಕುಲುಮೆಯಲ್ಲಿ ಸುತ್ತಿಗೆ ಹಿಡಿದಿರುವ ನನ್ನನ್ನು ನೆನೆದುಕೊಂಡರೆ ನಿನಗೆ ಇಷ್ಟು ಕೊರತೆ ಕಾಣಲಾರದು ಎಂದು ಹೇಳಿ ಹೋಗಿಬಿಡುತ್ತಾನೆ. ಪಿಪ್ ಚೇತರಿಸಿಕೊಂಡು ಹೊರಗೋಡಿ ಹುಡುಕುವಷ್ಟರಲ್ಲಿ ಅವನಿಲ್ಲ.

ಮರುದಿನ ಊರಿಗೆ ಹೊರಟ ಪಿಪ್ ಜೋನ ಮನೆಯಲ್ಲಿ ಉಳಿದುಕೊಳ್ಳಬೇಕೆಂದೇ ಯೋಚಿಸುತ್ತಾನೆ. ದಾರಿಯುದ್ದಕ್ಕೂ ನೆಪಗಳು ಒಂದೊಂದಾಗಿ ಹುಟ್ಟುತ್ತವೆ, ಕೊನೆಗೆ ಇಳಿದುಕೊಳ್ಳುವುದು ಹೋಟೆಲಿನಲ್ಲಿ. ತನಗೆ ತಾನೇ ಮೋಸಮಾಡಿಕೊಳ್ಳುವವನ ಮುಂದೆ ಬೇರೆ ಮೋಸಗಾರರು ಏನೇನೂ ಅಲ್ಲ ಎಂದು ಹಿರಿಯ ಪಿಪ್ ಷರಾ ಬರೆಯುತ್ತಾನೆ. ಜೋನನ್ನು ನೋಡದೆಯೇ ಲಂಡನ್ನಿಗೆ ಮರಳಿ, ಪಶ್ಚಾತ್ತಾಪಕ್ಕೆಂದು ಅವನಿಗೆ ಮೀನು ಮತ್ತು ಒಂದು ಪೀಪಾಯಿ ಸಿಂಪಿ ಕಳುಹಿಸುತ್ತಾನೆ.

ಸಿಟ್ಟು ಕರಗುವ ಜಾಗ

ಪಿಪ್‌ಗೆ 23 ವರ್ಷವಾದಾಗ, ಮಳೆಗಾಳಿಯ ಒಂದು ರಾತ್ರಿ, ಮೆಟ್ಟಿಲು ಹತ್ತಿ ಬಂದ ಒರಟು ಮುದುಕನೊಬ್ಬ ತಾನೇ ಹಣ ಕೊಟ್ಟವನು ಎನ್ನುತ್ತಾನೆ. ಅವನು ಮ್ಯಾಗ್ವಿಚ್, ಸ್ಮಶಾನದಲ್ಲಿ ಹುಡುಗನಿಂದ ಊಟ ಪಡೆದ ಅದೇ ಕೈದಿ. ಜೀವಾವಧಿ ಗಡೀಪಾರಾಗಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ಗೆ ಹೋದವನು ಕುರಿ ಸಾಕಿ ದುಡಿದು ಪಿಪ್‌ನನ್ನು ಜಂಟಲ್‌ಮನ್ ಮಾಡಿದ್ದಾನೆ. ಅಂಥವರು ಇಂಗ್ಲೆಂಡಿಗೆ ಮರಳಿದರೆ ಮರಣದಂಡನೆ. ಹಾಗಿದ್ದೂ ತಾನು ತಯಾರಿಸಿದ ಜಂಟಲ್‌ಮನ್‌ನನ್ನು ಕಣ್ಣಾರೆ ಕಾಣಲು ಬಂದಿದ್ದಾನೆ. ಕೈಯಿಂದ ದುಡಿಯದವನ ಮೆರುಗೆಲ್ಲ ಇನ್ನೊಬ್ಬನ ಕೈ ದುಡಿಮೆಯಿಂದ ಬಂದದ್ದು ಎಂದು ತಿಳಿದಾಗ ಪಿಪ್‌ಗೆ ಮೊದಲು ಬರುವುದು ಅಸಹ್ಯ.

ಮ್ಯಾಗ್ವಿಚ್‌ನನ್ನು ದೇಶದಿಂದ ಹೊರಗೆ ಕದ್ದು ಸಾಗಿಸಲು ಮಾಡಿದ ಪ್ರಯತ್ನ ಥೇಮ್ಸ್ ನದಿಯ ಮೇಲೆ ಕೆಡುತ್ತದೆ. ಗಾಯಗೊಂಡು, ಬೇಡಿ ತೊಡಿಸಿಕೊಂಡು ದೋಣಿಯಲ್ಲಿ ಬಿದ್ದ ಮ್ಯಾಗ್ವಿಚ್‌ನ ಪಕ್ಕದಲ್ಲಿ ಪಿಪ್ ಕುಳಿತುಕೊಳ್ಳುತ್ತಾನೆ. ತಾನು ಜೋಗೆ ನಡೆದುಕೊಂಡದ್ದಕ್ಕಿಂತ ಈ ಮನುಷ್ಯ ತನಗೆ ಎಷ್ಟೋ ಮೇಲಾಗಿ ನಡೆದುಕೊಂಡ ಎಂದು ಆಗ ಅವನಿಗೆ ಕಾಣುತ್ತದೆ. ಇದು 54ನೆಯ ಅಧ್ಯಾಯ. ಕಥೆಯೊಳಗಿನ ಪಿಪ್ ಮೊದಲ ಬಾರಿಗೆ ಕಥೆ ಹೇಳುವ ಪಿಪ್‌ನ ದೃಷ್ಟಿಯಿಂದ ತನ್ನನ್ನು ನೋಡಿಕೊಳ್ಳುವುದು ಇಲ್ಲಿ. ಇಬ್ಬರ ನಡುವಿನ ಅಂತರ ಮುಚ್ಚುತ್ತದೆ. ನಮ್ಮ ಸಿಟ್ಟಿಗೆ ಇನ್ನು ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಮ್ಯಾಗ್ವಿಚ್ ಸೆರೆಮನೆಯಲ್ಲಿ ಸಾಯುತ್ತಾನೆ, ಆಸ್ತಿ ಸರ್ಕಾರಕ್ಕೆ ಸೇರುತ್ತದೆ. ಆಭರಣದ ಅಂಗಡಿಯ 123 ಪೌಂಡ್ 15 ಶಿಲ್ಲಿಂಗ್ 6 ಪೆನ್ಸ್ ಸಾಲಕ್ಕಾಗಿ ಪಿಪ್‌ನನ್ನು ಬಂಧಿಸಲು ಬಂದಾಗ ಅವನು ಜ್ವರದಲ್ಲಿ ಪ್ರಜ್ಞೆ ತಪ್ಪುತ್ತಾನೆ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಜೋ. ಮಗುವನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಾನೆ, ಹಳೆಯ ಸಲಿಗೆ ಮರಳುತ್ತದೆ. ಪಿಪ್‌ಗೆ ಮೈಯಲ್ಲಿ ಬಲ ಬಂದ ಹಾಗೆಲ್ಲ ಜೋನ ಬಾಯಲ್ಲಿ 'ಸರ್' ಮತ್ತೆ ಇಣುಕುತ್ತದೆ. ಒಂದು ಬೆಳಗ್ಗೆ ಅವನು ಹೇಳದೆ ಹೊರಟುಹೋಗಿರುತ್ತಾನೆ, ಸಾಲ ತೀರಿಸಿ. ಪಿಪ್ ಬದಲಾಗಿದ್ದರೂ ಅವನು ಮಾಡಿದ ಗಾಯ ಪೂರ್ತಿ ಮಾಯುವುದಿಲ್ಲ. ಡಿಕನ್ಸ್‌ನ ಈ ಕಟ್ಟುನಿಟ್ಟು ನನಗೆ ಮೆಚ್ಚುಗೆ.

ಸಾಲ ಮತ್ತು ನಾಚಿಕೆಯನ್ನು ಡಿಕನ್ಸ್ ಹೊರಗಿನಿಂದ ಕಂಡವನಲ್ಲ. 1824ರಲ್ಲಿ, ಅವನಿಗೆ 12 ವರ್ಷವಿದ್ದಾಗ, ತಂದೆ ಸಾಲಕ್ಕಾಗಿ ಮಾರ್ಷಲ್‌ಸೀ ಸೆರೆಮನೆ ಸೇರಿದ. ಹುಡುಗ ಬೂಟ್ ಪಾಲಿಶ್ ತಯಾರಿಸುವ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಪ್ರಸಿದ್ಧನಾದ ಮೇಲೂ ಇದನ್ನು ಅವನು ಬಹಿರಂಗಪಡಿಸಲಿಲ್ಲ. ಓದುಗರಿಗೆ ಅದು ತಿಳಿದದ್ದು 1870ರಲ್ಲಿ ಅವನು ತೀರಿಕೊಂಡ ನಂತರ, ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ.

ವಾರಕ್ಕೊಂದು ಕಂತು

ಮೊದಲ ಓದುಗರು ಇದನ್ನು ಪುಸ್ತಕವಾಗಿ ಓದಲಿಲ್ಲ. ಡಿಕನ್ಸ್ ನಡೆಸುತ್ತಿದ್ದ 'ಆಲ್ ದ ಇಯರ್ ರೌಂಡ್' ವಾರಪತ್ರಿಕೆಯಲ್ಲಿ 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ 36 ಕಂತುಗಳಲ್ಲಿ ಬಂತು. ಕನ್ನಡದ ವಾರಪತ್ರಿಕೆಗಳಲ್ಲಿ ಧಾರಾವಾಹಿಗಾಗಿ ಕಾದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಪಿಪ್‌ನ ನಡತೆಯ ಬಗ್ಗೆ ವಾರವಿಡೀ ಮಾತಾಡಿಕೊಳ್ಳಲು ಸಮಯವಿತ್ತು. ಈಗ ಪರೀಕ್ಷೆಯ ಹಿಂದಿನ ದಿನ ಸಾರಾಂಶ ಓದುವವರಿಗೆ ಜೋ ಒಳ್ಳೆಯವನು, ಪಿಪ್ ಕೆಟ್ಟವನು ಎಂಬಷ್ಟೇ ಸಿಗುತ್ತದೆ. ಹೇಳುವವನ ದನಿ ಸಾರಾಂಶದಲ್ಲಿ ಇರುವುದಿಲ್ಲ.

ಎರಡು ಮುಕ್ತಾಯಗಳು

ಡಿಕನ್ಸ್ ಮೊದಲು ಬರೆದ ಕೊನೆಯಲ್ಲಿ, ಎಷ್ಟೋ ವರ್ಷಗಳ ಬಳಿಕ ಪಿಪ್ ಮತ್ತು ಎಸ್ಟೆಲಾ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಎದುರಾಗುತ್ತಾರೆ. ಅವಳಿಗೆ ಒಬ್ಬ ವೈದ್ಯನೊಡನೆ ಮರುಮದುವೆಯಾಗಿದೆ. ನಾಲ್ಕು ಮಾತಾಡಿ ಬೇರೆಯಾಗುತ್ತಾರೆ. ಪ್ರಕಟಣೆಗೆ ಮುನ್ನ ಇದನ್ನು ಓದಿದ ಬುಲ್ವರ್ ಲಿಟನ್ ಎಂಬ ಕಾದಂಬರಿಕಾರ ಬದಲಾಯಿಸಲು ಸಲಹೆ ಕೊಟ್ಟ. ಅಚ್ಚಾದ ಕೊನೆಯಲ್ಲಿ ಇಬ್ಬರೂ ಸ್ಯಾಟಿಸ್ ಹೌಸ್ ಇದ್ದ ಪಾಳು ಜಾಗದಲ್ಲಿ ಭೇಟಿಯಾಗಿ ಕೈಹಿಡಿದು ಹೊರಗೆ ನಡೆಯುತ್ತಾರೆ. ಮುಂದೆ ಅವಳಿಂದ ಅಗಲಿಕೆಯ ನೆರಳು ತನಗೆ ಕಾಣಲಿಲ್ಲ ಎಂದು ಪಿಪ್ ಹೇಳುತ್ತಾನೆ. ಇಬ್ಬರೂ ಮದುವೆಯಾದರೇ? ಅದನ್ನು ಹೇಳುವುದಿಲ್ಲ. ಮೂಲ ಮುಕ್ತಾಯವನ್ನು ಫಾರ್ಸ್ಟರ್ ಆಮೇಲೆ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿದ. ಅಂದಿನಿಂದ ಓದುಗರು ಎರಡು ಪಂಗಡ.

ಈ ಜಗಳ ಬರಿಯ ಸುಖಾಂತ, ದುಃಖಾಂತದ್ದಲ್ಲ. ಬೆಳೆಯುವುದೆಂದರೆ ಬಯಸಿದ್ದು ಕೈಗೆ ಸಿಗುವುದೇ, ಸಿಗದಿದ್ದರೂ ಬದುಕಲು ಕಲಿಯುವುದೇ ಎಂಬ ಪ್ರಶ್ನೆಗೆ ಎರಡು ಮುಕ್ತಾಯಗಳು ಎರಡು ಉತ್ತರ ಕೊಡುತ್ತವೆ. ಹನ್ನೊಂದು ವರ್ಷ ಕೈರೋದಲ್ಲಿ ಗೆಳೆಯನ ವ್ಯಾಪಾರ ಸಂಸ್ಥೆಯಲ್ಲಿ ಗುಮಾಸ್ತನಾಗಿ ಸೇರಿ ಶ್ರಮಿಸಿ ಬಂದ ಪಿಪ್‌ಗೆ ಮೊದಲ ಮುಕ್ತಾಯ ಹೆಚ್ಚು ಒಪ್ಪುತ್ತದೆ ಎಂದು ನನಗೆ ತೋರುತ್ತದೆ.

ಕಥೆ ಹೇಳುವ ಅವಕಾಶ ಸಿಗದವರು

ಊರಿನಲ್ಲಿ ಪಿಪ್‌ನ ಜೊತೆ ಬೆಳೆದ ಬಿಡ್ಡಿ, ಕಾಯಿಲೆ ಬಿದ್ದ ಅವನ ಅಕ್ಕನ ಚಾಕರಿ ಮಾಡುತ್ತಾ, ಅಡುಗೆ ನೋಡುತ್ತಾ, ಅವನು ಕಲಿತದ್ದನ್ನೆಲ್ಲ ತಾನೂ ಕಲಿತುಬಿಡುತ್ತಾಳೆ. ಹೇಗೆ ಕಲಿತೆ ಎಂದು ಪಿಪ್‌ಗೆ ಅಚ್ಚರಿ. ಅವಳನ್ನು ಲಂಡನ್ನಿಗೆ ಕಳುಹಿಸಲು ಯಾವ ವಕೀಲನೂ ಬರುವುದಿಲ್ಲ. ಎಸ್ಟೆಲಾಳ ಪಾಡು ಇನ್ನೂ ಗಡುಸು. ಗಂಡಸರ ಮೇಲಿನ ಸೇಡಿಗೆ ಆಯುಧವಾಗಿ ಅವಳನ್ನು ಬೆಳೆಸಲಾಗಿದೆ; ಕ್ರೂರಿ ಗಂಡನ ಕೈಯಲ್ಲಿ ನರಳುತ್ತಾಳೆ. ಅವಳ ಬೆಳವಣಿಗೆಯೆಲ್ಲ ತೆರೆಯ ಹಿಂದೆ ನಡೆಯುತ್ತದೆ. ಬಾಗಿಸಿದರು, ಮುರಿದರು, ಆದರೂ ಹಿಂದಿಗಿಂತ ಒಳ್ಳೆಯ ಆಕಾರಕ್ಕೆ ಬಂದಿದ್ದೇನೆಂದು ನಂಬುತ್ತೇನೆ ಎಂದು ಕೊನೆಯಲ್ಲಿ ಅವಳು ಹೇಳುವ ಒಂದು ಮಾತಿನೊಳಗೆ ಇನ್ನೊಂದು ಕಾದಂಬರಿಯೇ ಇದೆ. ಹುಡುಗಿಯೊಬ್ಬಳು 'ನಾನು' ಎಂದು ತನ್ನ ಕಥೆಯನ್ನು ತಾನೇ ಹೇಳಿದರೆ ಹೇಗಿರುತ್ತದೆ ಎಂದು ನೋಡಬೇಕಾದವರು 'ಜೇನ್ ಐರ್' ಓದಬೇಕು.

ಕನ್ನಡದ ರಾಮ

ಕನ್ನಡದಲ್ಲಿ ಈ ಬಗೆಗೆ ಹತ್ತಿರದ್ದು ಹುಡುಕಿದಾಗ ನನಗೆ ಮೊದಲು ನೆನಪಾಗುವುದು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941). ಕರಾವಳಿಯ ಕೋಡಿಯ ಹುಡುಗ ರಾಮ ಮದರಾಸಿಗೆ ಹೋಗಿ ಓದುತ್ತಾನೆ, ಸ್ವಾತಂತ್ರ್ಯ ಚಳವಳಿಯ ಸೆಳೆತಕ್ಕೆ ಸಿಗುತ್ತಾನೆ, ಕೊನೆಗೆ ಊರಿಗೆ ಮರಳುತ್ತಾನೆ. ಹುಡುಗ ಊರು ಬಿಡುವುದು, ಪಟ್ಟಣ ನೋಡುವುದು, ಭ್ರಮೆ ಕಳಚುವುದು ಎಲ್ಲ ಇಲ್ಲೂ ಇವೆ. ಆದರೆ ಕಾದಂಬರಿ ಆರಂಭವಾಗುವುದು ರಾಮನಿಂದಲ್ಲ, ಅವನ ಅಜ್ಜನ ಕಾಲದಿಂದ. ಪಾರೋತಿ, ಸರಸೋತಿ, ನಾಗವೇಣಿ ಎಂಬ ಹೆಂಗಸರು ಗದ್ದೆಯಲ್ಲೂ ಮನೆಯಲ್ಲೂ ದುಡಿದು ದುಡಿದು ಕಟ್ಟಿದ್ದನ್ನು ಓದು ಕಲಿತ ಲಚ್ಚ ಹಾಳುಮಾಡುವುದನ್ನು ನಾವು ಮೊದಲು ನೋಡಿರುತ್ತೇವೆ. ಅದೇ ಲಚ್ಚನ ಮಗ ರಾಮ.

ಇದರಿಂದ ಓದುಗರ ನಿಲುವೇ ಬದಲಾಗುತ್ತದೆ. ಪಿಪ್‌ಗೆ ಅಪ್ಪ ಎಂದರೆ ಕಲ್ಲಿನ ಮೇಲಿನ ಅಕ್ಷರ. ಅವನ ಬೆಳವಣಿಗೆ ಅವನಿಂದಲೇ ಮೊದಲಾಗುತ್ತದೆ. ರಾಮ ಯಾರ ಬೆವರಿನ ಮೇಲೆ ನಿಂತಿದ್ದಾನೆ ಎಂಬುದು ಅವನಿಗಿಂತ ಮೊದಲೇ ನಮಗೆ ಗೊತ್ತು. ಪಿಪ್ ಕುಲುಮೆಗೆ ಮರಳಿದಾಗ ಅಲ್ಲಿ ಅವನಿಗೆ ಜಾಗವಿಲ್ಲ: ಜೋ ಮತ್ತು ಬಿಡ್ಡಿ ಮದುವೆಯಾಗಿ, ಅವರ ಮಗ, ಅವನೂ ಪಿಪ್ ಎಂಬ ಹೆಸರಿನವನೇ, ಬೆಂಕಿಯ ಪಕ್ಕದ ಹಳೆಯ ಪುಟ್ಟ ಪೀಠದ ಮೇಲೆ ಕುಳಿತಿರುತ್ತಾನೆ. ರಾಮನಿಗೆ ಮರಳಲು ಮಣ್ಣಿದೆ, ಕಾಯುವ ತಾಯಿಯಿದ್ದಾಳೆ.

ಎರಡನ್ನೂ ಓದುವ ಮನಸ್ಸಿದ್ದವರು ಕಾರಂತರಿಂದ ಆರಂಭಿಸಿ ಡಿಕನ್ಸ್‌ಗೆ ಹೋಗುವುದು ಒಳ್ಳೆಯದು. ಡಿಕನ್ಸ್‌ನನ್ನು ಒಮ್ಮೆ ಓದಿ ಪಿಪ್‌ನ ಮೇಲಿನ ಸಿಟ್ಟಿನಲ್ಲೇ ಪುಸ್ತಕ ಎತ್ತಿಟ್ಟವರು 8, 27, 54 ಮತ್ತು 57ನೆಯ ಅಧ್ಯಾಯಗಳನ್ನು ಒಂದರ ಬೆನ್ನಿಗೆ ಒಂದರಂತೆ ಮತ್ತೆ ಓದಲಿ. ಓದುವಾಗ ಪ್ರತಿ ವಾಕ್ಯದ ಬಳಿ, ಇದನ್ನು ಹೇಳುತ್ತಿರುವವನು ಹುಡುಗನೋ ಹಿರಿಯನೋ ಎಂದು ಕೇಳಿಕೊಂಡರೆ ಸಾಕು.